ಇಪ್ಪತ್ತೇಳನೆಯ ಬಾಯಿ

೧೩ ಜನವರಿ ೧೯೭೪, ಮಂಡ್ಯ

ದಂತವೈದ್ಯದ ಪ್ರಬಂಧದ ರಿಜಿಸ್ಟರಿನಲ್ಲಿ ರೋಗಿಗಳ ಹೆಸರು ಬರೆಯುವ ಹಾಗಿಲ್ಲ, ನಂಬರ್ ಮಾತ್ರ. ಉಳಿದ ಮಾತಿಗೆ ಈ ನೋಟ್‌ಬುಕ್ ತಂದುಕೊಂಡೆ. ಇದನ್ನು ಯಾರೂ ಓದುವುದು ಬೇಡ, ಅಮ್ಮನಂತೂ ಖಂಡಿತ ಬೇಡ.

ಮಂಡ್ಯದ ಇಪ್ಪತ್ತು ಬಾಯಿ ನಿನ್ನೆ ಮುಗಿಯಿತು, ಕೊಪ್ಪದ ಇಪ್ಪತ್ತು ಇವತ್ತು, ಮಳವಳ್ಳಿಯ ಇಪ್ಪತ್ತು ಬುಧವಾರ. ಒಸಡು ಬಾತು, ರಕ್ತ ಬಂದು, ಹಲ್ಲು ಸಡಿಲವಾಗುವ ರೋಗಕ್ಕೆ ಟೆಟ್ರಾಸೈಕ್ಲಿನ್ ಗುಳಿಗೆ ಎಷ್ಟು ಗುಣ ಕೊಡುತ್ತದೆ ಎಂಬುದು ನನ್ನ ವಿಷಯ. ಅಳೆಯುವ ಬಗೆ ಸುಲಭ. ಒಸಡಿನ ಅಂಚಿಗೆ ಸಣ್ಣ ಕಾಗದದ ಪಟ್ಟಿಯೊಂದನ್ನು ಇಟ್ಟು ಮೂರು ನಿಮಿಷ ಕಾಯಬೇಕು. ಉರಿಯೂತ ಎಷ್ಟಿದೆಯೋ ಅಷ್ಟು ನೀರು ಒಸರಿ ಪಟ್ಟಿ ನೆನೆಯುತ್ತದೆ. ಮೇಲೆ ಬಣ್ಣದ ದ್ರಾವಣ ಒಂದು ತೊಟ್ಟು ಹಾಕಿದರೆ ನೆನೆದಷ್ಟೂ ನೇರಳೆಯಾಗುತ್ತದೆ. ಸ್ಕೇಲಿಟ್ಟು ಅಳೆದು ಬರೆದರೆ ಆಯಿತು. ಇದನ್ನು ಅಮ್ಮನಿಗೆ ವಿವರಿಸಿದಾಗ ಊಟದ ಹೊತ್ತಿನಲ್ಲಿ ಈ ಮಾತು ಬೇಡ ಅಂದಳು.

ಅರ್ಧ ಜನಕ್ಕೆ ನಿಜವಾದ ಗುಳಿಗೆ, ಇನ್ನರ್ಧಕ್ಕೆ ಅದೇ ಬಣ್ಣದ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂದು ನನಗೂ ಗೊತ್ತಿಲ್ಲ. ಆ ಗುಟ್ಟು ಬೆಂಗಳೂರಿನಲ್ಲಿ, ಪ್ರೊಫೆಸರ್ ಸಂಪತ್ ಕುಮಾರರ ಬೀರುವಿನಲ್ಲಿ, ಅರಗು ಹಾಕಿದ ಲಕೋಟೆಗಳಲ್ಲಿದೆ. ಮಾರ್ಚ್ ಕೊನೆಗೆ ಪ್ರಬಂಧ ಒಪ್ಪಿಸಿದರೆ ಜೂನ್‌ನಲ್ಲಿ ಅವರ ವಿಭಾಗದಲ್ಲೇ ಲೆಕ್ಚರರ್ ಕೆಲಸ. ಅಮ್ಮ ಆಗಲೇ ಬೀದಿಗೆಲ್ಲ ಹೇಳಿಬಿಟ್ಟಿದ್ದಾಳೆ. ಕೂಸು ಹುಟ್ಟುವ ಮೊದಲೇ ಕುಲಾವಿ.

ಕೊಪ್ಪದಲ್ಲಿ ಕುರ್ಚಿ ಹಾಕಿಕೊಂಡದ್ದು ಶಾಲೆಯ ಜಗಲಿಯಲ್ಲಿ. ಅಪ್ಪ ಹೆಡ್‌ಮೇಷ್ಟ್ರಾಗಿದ್ದ ಶಾಲೆ. ನನಗೆ ಹತ್ತು ತುಂಬುವವರೆಗೂ ಅದರ ಹಿಂದಿನ ಮನೆಯಲ್ಲೇ ಇದ್ದೆವು. ಇಪ್ಪತ್ತೆರಡು ವರ್ಷದ ಮೇಲೆ ಕಾಲಿಟ್ಟೆ. ಕಂಬದ ಬುಡದಲ್ಲಿ ನಾವು ಬಳಪ ಉಜ್ಜಿ ಚೂಪು ಮಾಡುತ್ತಿದ್ದ ಗುಳಿ ಹಾಗೇ ಇದೆ. ಬೆರಳಿಟ್ಟು ನೋಡಿದೆ.

ನಂ. ೨೭: ಹೆಂಗಸು, ಸುಮಾರು ಐವತ್ತೆಂಟು. ಮೇಲಿನ ಮುಂಬಲ್ಲು ನಾಲ್ಕೂ ಅಲ್ಲಾಡುತ್ತವೆ. ಪಟ್ಟಿ ನಾಲ್ಕು ಮಿಲಿಮೀಟರ್.

ರಿಜಿಸ್ಟರಿಗೆ ಅಷ್ಟು ಸಾಕು. ಇಲ್ಲಿ ಬರೆಯಬಹುದಾದ್ದು ಏನೆಂದರೆ, ಆಕೆ ಶಾಲೆ ಗುಡಿಸಿ ನಮ್ಮ ಮನೆಗೆ ನೀರು ಹೊತ್ತು ಹಾಕುತ್ತಿದ್ದ ಸಣ್ಣತಾಯಮ್ಮ. ಬಾಯಿ ತೆಗೆ ಅಂದರೆ ತೆಗೆಯದೆ ನನ್ನ ಮುಖವನ್ನೇ ನೋಡಿದಳು.

"ಮೇಷ್ಟ್ರು ಮಗ ಚಲುವ ಅಲ್ವೇನ್ಲಾ ನೀನು? ಅದ್ಯಾಕ್ ಇಂಗ್ ಸೊರಗೋಗಿದ್ದೀಯೆ? ನಿಮ್ಮವ್ವ ಇಟ್ಟಿಕ್ಕಲ್ವಾ?"

ಹತ್ತೊಂಬತ್ತು ಜನ ನಕ್ಕರು. ಡಾಕ್ಟರ್ ಚಲುವನಾರಾಯಣನ ಮರ್ಯಾದೆ ಅಲ್ಲಿಗೆ ಮುಗಿಯಿತು.

೧೪ ಜನವರಿ

ಸಂಕ್ರಾಂತಿ. ಅಮ್ಮ ಎಳ್ಳು ಬೀರುತ್ತ, "ಆ ಸಣ್ಣತಾಯಿ ಇನ್ನೂ ಇದ್ದಾಳೆಯೇ?" ಎಂದಳು. "ಒಳ್ಳೆಯವಳು ಪಾಪ. ಆದರೆ ನಿನಗೆ ಕದ್ದುಮುಚ್ಚಿ ಏನೋ ತಿನ್ನಿಸುತ್ತಿದ್ದಳು ಅಂತ ನನಗೆ ಆಗಲೂ ಅನುಮಾನ ಕಣೋ."

ಏನೂ ಇಲ್ಲಮ್ಮ ಅಂದೆ. ಮೂವತ್ತೆರಡು ವರ್ಷದ ಡಾಕ್ಟರು, ಇನ್ನೂ ಅದೇ ಸುಳ್ಳು.

ಕಬ್ಬು. ಶಾಲೆ ಹಿಂದಿನ ಹುಣಸೆಮರದ ಕೆಳಗೆ ಕೂತು ಸಣ್ಣತಾಯಿ ಜಲ್ಲೆಯ ಸಿಪ್ಪೆಯನ್ನು ಮುಂಬಲ್ಲಿನಿಂದ ಕಚ್ಚಿ ಸರ್ರನೆ ಸಿಗಿಯುತ್ತಿದ್ದಳು. ನನ್ನ ಹಾಲುಹಲ್ಲು ಉದುರುತ್ತಿದ್ದ ಕಾಲ, ನನ್ನಿಂದ ಆಗುತ್ತಿರಲಿಲ್ಲ. ಒಳಗಿನ ಬಿಳಿ ತಿರುಳನ್ನು ತುಂಡು ಮಾಡಿ ಕೊಡುವಳು. ಅವಳ ಎಂಜಲು. ನಮ್ಮ ಮನೆಯಲ್ಲಿ ಗೊತ್ತಾದರೆ ನನಗೆ ಬಾವಿಕಟ್ಟೆಯಲ್ಲಿ ತಲೆಗೆ ನೀರು, ಅವಳಿಗೆ ಕೆಲಸಕ್ಕೆ ಸಂಚಕಾರ. ಪ್ರತಿ ಸಲವೂ ಅವಳದ್ದು ಒಂದೇ ಮಾತು: "ನಿಮ್ಮವ್ವಂಗೆ ಏಳಬ್ಯಾಡ ಕಣ್ಲಾ." ಅಂಥ ಸಿಹಿ ಕಬ್ಬು ಆಮೇಲೆ ತಿಂದಿಲ್ಲ. ಈಗ ಆ ನಾಲ್ಕು ಹಲ್ಲೇ ಅಲ್ಲಾಡುತ್ತಿವೆ.

ಈ ಗುಳಿಗೆ ಕೆಲಸ ಮಾಡಲಿ. ಇದನ್ನು ಸಂಶೋಧಕ ಬರೆಯಬಾರದು.

೨೦ ಜನವರಿ

ಗುಳಿಗೆ ಹಂಚಿದೆ, ಒಬ್ಬೊಬ್ಬರಿಗೆ ಒಂದೊಂದು ಗಾಜಿನ ಸೀಸೆ. ದಿನಕ್ಕೆ ಎರಡು, ನಾಲ್ಕು ವಾರ. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಬೇಕು. ಹಾಲು, ಮೊಸರು, ಮಜ್ಜಿಗೆ ಜೊತೆ ನುಂಗಬಾರದು, ನುಂಗಿದರೆ ಮದ್ದು ಮೈಗೆ ಹತ್ತುವುದಿಲ್ಲ. ಇದನ್ನು ಇಪ್ಪತ್ತು ಸಲ ಹೇಳಿ ಗಂಟಲು ಒಣಗಿತು. ಗುಳಿಗೆ ಉಷ್ಣ, ಮಜ್ಜಿಗೆ ಇಲ್ಲದೆ ಹೇಗೆ ಎಂದು ಇಪ್ಪತ್ತು ಸಲ ವಾದವಾಯಿತು.

೨೭ ತನ್ನ ಸೊಸೆ ನಿಂಗಾಜಿಯನ್ನು ಕರೆತಂದಿದ್ದಳು. ಆರು ತಿಂಗಳ ಬಸುರಿ. ಮುದ್ದೆ ನುಂಗುವ ಹುಡುಗಿಗೆ ಅನ್ನ ಅಗಿದರೂ ಒಸಡಿನಲ್ಲಿ ರಕ್ತವಂತೆ. ಬಸುರಿಯರಲ್ಲಿ ಇದು ಸಾಮಾನ್ಯ, ಹೆರಿಗೆಯಾದ ಮೇಲೆ ತಾನೇ ಇಳಿಯುತ್ತದೆ. ಅಧ್ಯಯನದಿಂದ ಹೊರಗೆ.

"ಅಲ್ಲ ಕಣಪ್ಪ, ಮುದುಕಿಗೆ ಕೊಡ್ತೀಯೆ, ಎರಡು ಜೀವದೋಳ್ಗೆ ಇಲ್ಲ ಅಂತೀಯೆ. ಇದ್ಯಾವ ನ್ಯಾಯ?"

ಬಸುರಿಯರಿಗೆ ಕೊಡಲು ರೂಲ್ಸ್ ಇಲ್ಲ ಅಂದೆ. ಕಾರಣ ಹೇಳುತ್ತ ಕೂತರೆ ಮದ್ದೂರಿನ ಬಸ್ಸು ತಪ್ಪುತ್ತಿತ್ತು. ಓಡಿ ಹತ್ತಿದೆ, ಬೆಸಗರಹಳ್ಳಿವರೆಗೂ ಬಾಗಿಲಲ್ಲೇ ನೇತಾಡಿದೆ.

೨೭ ಜನವರಿ

ಮೊದಲ ವಾರದ ಅಳತೆ. ಚೆನ್ನಾಗಿದೆ. ಮಂಡ್ಯ, ಕೊಪ್ಪ ಎರಡೂ ಕಡೆ ಸುಮಾರು ಅರ್ಧ ಜನಕ್ಕೆ ನೇರಳೆ ಕುಗ್ಗಿದೆ. ಕೊಪ್ಪದ ೨೪ ಮೂರೂವರೆಯಿಂದ ಒಂದೂವರೆಗೆ ಇಳಿದಿದ್ದಾನೆ. ಪ್ರೊಫೆಸರಿಗೆ ಕಾಗದ ಹಾಕಿದೆ.

೨೭: ನಾಲ್ಕು. ಬದಲಾವಣೆ ಇಲ್ಲ. ಹಿಟ್ಟಿನ ಗುಳಿಗೆ ಬಿದ್ದಿರಬೇಕು. ಹಾಗಿದ್ದರೆ ನಾನು ಮಾಡುವಂಥದ್ದು ಏನೂ ಇಲ್ಲ. ಮನಸ್ಸು ಮಾತ್ರ ಪಿಚ್ಚೆಂದಿತು.

೩ ಫೆಬ್ರವರಿ

ಹನ್ನೊಂದಾದರೂ ೨೭ ಬರಲಿಲ್ಲ. ಕರೆಯಲು ನಾನೇ ಹೋದೆ. ಬಾಗಿಲು ತೆರೆದಿತ್ತು. ನಿಂಗಾಜಿ ಗೋಡೆಗೊರಗಿ ಲೋಟದಲ್ಲಿ ಹಾಲು ಕುಡಿಯುತ್ತಿದ್ದಳು. ನನ್ನನ್ನು ಕಂಡವಳೇ ಏನನ್ನೋ ಸೆರಗಿನೊಳಗೆ ಸೇರಿಸಿದಳು. ಗಾಜಿನ ಸೀಸೆಯ ಸದ್ದು ಕೇಳಿದ ಹಾಗಾಯಿತು. ಸಣ್ಣತಾಯಮ್ಮ ಒಲೆ ಕಡೆ ಮುಖ ಮಾಡಿ ಕೂತಿದ್ದಳು, ನನ್ನನ್ನು ನೋಡಲಿಲ್ಲ. ನಾನು ಹಿಂದೆ ಸರಿದು ಅಂಗಳದಿಂದ ಕೂಗಿದೆ.

ನಾನು ಕಂಡದ್ದೇನು? ಹಾಲು ಕುಡಿಯುವ ಬಸುರಿ. ಹಳ್ಳಿಯಲ್ಲಿ ಸೀಸೆ ಅಂದರೆ ನೂರು ಇರುತ್ತವೆ, ಹರಳೆಣ್ಣೆಯದು, ಕಾಡಿಗೆಯದು. ಒಂದು ಸದ್ದನ್ನು ಹಿಡಿದುಕೊಂಡು ಅಧ್ಯಯನದ ನಡುವೆ ವಿಚಾರಣೆ ಮಾಡಲಾಗುತ್ತದೆಯೇ? ಇನ್ನು ಎರಡೇ ಅಳತೆ ಬಾಕಿ.

೨೭: ಐದೂವರೆ. ಹೆಚ್ಚಾಗಿದೆ.

೬ ಫೆಬ್ರವರಿ

ಮಳವಳ್ಳಿಯಿಂದ ಬಂದು ಪುಸ್ತಕ ತೆರೆದೆ. ಟೆಟ್ರಾಸೈಕ್ಲಿನ್ ಹೊಟ್ಟೆಯೊಳಗಿನ ಕೂಸಿಗೆ ಸೇರಿದರೆ ಆಗಷ್ಟೇ ಕಟ್ಟುತ್ತಿರುವ ಹಾಲುಹಲ್ಲಿಗೆ ಇಳಿದು ಹಳದಿ, ಕಂದು ಕಲೆಯಾಗಿ ನಿಲ್ಲುತ್ತದೆ. ಚಿತ್ರವೂ ಇದೆ. ಗೊತ್ತಿದ್ದದ್ದೇ. ಮತ್ತೆ ಯಾಕೆ ತೆಗೆದೆನೋ. ಪುಸ್ತಕ ಮುಚ್ಚಿಟ್ಟೆ.

೧೦ ಫೆಬ್ರವರಿ

ಕೊಪ್ಪದಲ್ಲಿ ೩೧ ಜೈನಾಬ್ ಬೀ. ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಾಳೆ, ಮಾತು ಜಾಸ್ತಿ. ಪಟ್ಟಿ ತೆಗೆಯುತ್ತಿದ್ದ ಹಾಗೆ ಶುರುಮಾಡಿದಳು.

"ಡಾಕ್ಟರ್ ಸಾಬ್, ಸಣ್ಣತಾಯಕ್ಕಂಗೆ ನೀವೇ ಬುದ್ಧಿ ಹೇಳಿ. ಗುಳಿಗೆ ಅವರು ಎಲ್ಲಿ ತಿಂತಾರೆ? ಎರಡು ಹೊತ್ತೂ ಸೊಸೆಗೇ ಹಾಲಲ್ಲಿ ಕೊಡ್ತಾರೆ. ಹಾಲು ನಂದೇ ಅಲ್ವಾ, ನಂಗೆ ಗೊತ್ತಿಲ್ವಾ."

ಉಳಿದವರನ್ನು ಕೂರಿಸಿ ಎದ್ದು ಹೋದೆ. ಸಣ್ಣತಾಯಮ್ಮ ಮುಚ್ಚಿಡಲಿಲ್ಲ.

"ಊಂ, ಕೊಟ್ಟೆ. ನನ್ ಅಲ್ಲು ಇದ್ರೆಷ್ಟು, ಓದ್ರೆಷ್ಟು? ಅವ್ಳು ಉಣ್ಣಕಿಲ್ಲ, ತಿನ್ನಕಿಲ್ಲ, ಬಾಯಿ ತುಂಬ ರಕ್ತ. ನಿಂಗೆ ಏಳಬ್ಯಾಡ ಅಂತ ನಾನೇ ಅಂದೆ. ಬಸುರೀಗೆ ಉಷ್ಣ ಆಗ್ಬಾರ್ದು ಅಂತ ಆಲಲ್ಲಿ ಕೊಟ್ಟೆ. ನನ್ ಪಾಲಿಂದ ನಾನು ಕೊಟ್ರೆ ನಿಂದೇನ್ ಓಯ್ತದೆ?"

ಆಗ ಹೇಳಿದೆ. ಕೂಸಿನ ಹಲ್ಲು ಹಳದಿಯಾಗಬಹುದು, ಅದಕ್ಕೇ ಬಸುರಿಯರಿಗೆ ಕೊಡುವುದಿಲ್ಲ ಎಂದೆ. ನಿಂಗಾಜಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಸಣ್ಣತಾಯಮ್ಮ ಸೀಸೆ ತಂದು ನನ್ನ ಮುಂದೆ ಹಿಡಿದಳು.

"ಇದ ಅವತ್ತೇ ಏಳಬೇಕಾಗಿತ್ತು ಕಣಪ್ಪ. ರೂಲ್ಸ್ ಇಲ್ಲ ಅಂದೆ. ರೂಲ್ಸು ಅಂದ್ರೆ ಸರ್ಕಾರದ್ದಲ್ವಾ, ಕೊಡಕ್ಕೆ ಮನಸಿಲ್ದೋರು ಅಂಗಂತಾರೆ ಅಂದ್ಕಂಡೆ."

ಸೀಸೆ ಇಸಿದುಕೊಂಡು ಬಂದೆ.

ಹೋದ ಭಾನುವಾರವೇ ಕಂಡಿದ್ದೆ. ಅದನ್ನು ಅಲ್ಲಿ ಬಾಯಿಬಿಟ್ಟು ಹೇಳಲಿಲ್ಲ. ಹಿಂದಿನ ಪುಟ ತಿರುವಿದೆ. "ಹಾಲು ಕುಡಿಯುವ ಬಸುರಿ" ಎಂದು ಬರೆದುಕೊಂಡಿದ್ದೇನೆ, ದೊಡ್ಡ ಸಾಹಿತಿಯ ಹಾಗೆ. ಥೂ ನನ್ನ ಜನ್ಮಕ್ಕೆ.

ದೇವರೇ, ಅದು ಹಿಟ್ಟಿನ ಗುಳಿಗೆಯಾಗಿರಲಿ.

೧೧ ಫೆಬ್ರವರಿ, ಬೆಂಗಳೂರು

ಮೊದಲ ಬಸ್ಸಿಗೇ ಬಂದೆ. ನಿಡಘಟ್ಟದ ಹತ್ತಿರ ಟೈರು ಹೋಗಿ ಒಂದು ಗಂಟೆ ರಸ್ತೆಯಲ್ಲಿ ನಿಂತೆವು. ಎಲ್ಲರೂ ಎಳನೀರು ಕುಡಿದರು.

ಪ್ರೊಫೆಸರ್ ಬೀರು ತೆಗೆದು ೨೭ರ ಲಕೋಟೆ ಒಡೆದರು. ಓದಿ, ಚೀಟಿಯನ್ನು ನನ್ನ ಕಡೆ ತಿರುಗಿಸಿದರು.

ನಿಜವಾದ ಮದ್ದು.

"ಹಾಲಲ್ಲಿ ಕೊಟ್ಟಳು ಅಂದಿರಲ್ಲವೇ?" ಎಂದು ಕೇಳಿದರು. "ಹಾಗಾದರೆ ಬಹಳಷ್ಟು ಮೈಗೆ ಸೇರಿರುವುದಿಲ್ಲ. ನಿಮ್ಮ ಮಾತು ಕೇಳದೆ ಇದ್ದದ್ದೇ ಒಳ್ಳೆಯದಾಯಿತು. ಹಲ್ಲು ಬಂದ ಮೇಲೆಯೇ ಗೊತ್ತಾಗೋದು." ಆಮೇಲೆ ಪೆನ್ನಿನ ಟೋಪಿ ತಿರುಗಿಸುತ್ತ, "ಇಪ್ಪತ್ತೇಳು ಗೈರುಹಾಜರು ಅಂತ ಬರೆದುಬಿಡಿ. ಐವತ್ತೊಂಬತ್ತು ಸಾಕು. ಮಾರ್ಚಿಗೆ ಮುಗಿಯುತ್ತದೆ."

ಗೈರುಹಾಜರು. ಕೊಪ್ಪದಲ್ಲಿ ಅಪ್ಪ ಹಾಜರಿ ಕೂಗುವಾಗ ಸಣ್ಣತಾಯಿ ಜಗಲಿಯ ತುದಿಯಲ್ಲಿ ಪೊರಕೆ ಹಿಡಿದು ನಿಂತಿರುತ್ತಿದ್ದಳು. ಎಲ್ಲರ ಹೆಸರೂ ಮುಗಿದ ಮೇಲೆ ಅಪ್ಪ ತಮಾಷೆಗೆ ಅವಳ ಹೆಸರನ್ನೂ ಕೂಗುವರು. "ಇವ್ನಿ ಸ್ವಾಮೀ" ಅನ್ನುವಳು. ಇಡೀ ಕ್ಲಾಸು ನಗುತ್ತಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಕಿವಿಯಲ್ಲಿತ್ತು.

೧೭ ಫೆಬ್ರವರಿ

ಕೊಪ್ಪದಲ್ಲಿ ಇಂದು ಪಟ್ಟಿ ಇಡುವ ಮೊದಲು ಎಲ್ಲರನ್ನೂ ಕೂರಿಸಿ ಕೇಳಿದೆ. ಬೈಯುವುದಿಲ್ಲ, ಗುಳಿಗೆ ಯಾರು ಯಾರು ತಿಂದಿರಿ, ನಿಜ ಹೇಳಿ ಎಂದೆ. ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಕೆಂಪಸಿದ್ದಯ್ಯ ತಮ್ಮನಿಗೆ ಅರ್ಧ ಕೊಟ್ಟಿದ್ದಾನೆ, ಒಡಹುಟ್ಟಿದವನನ್ನು ಬಿಟ್ಟು ತಿನ್ನಲು ಮನಸ್ಸು ಬರಲಿಲ್ಲವಂತೆ. ಜೈನಾಬ್ ಬೀ ಊರಿಗೆಲ್ಲ ಬುದ್ಧಿ ಹೇಳಿದವಳು, ತವರಿಂದ ಬಂದ ತಂಗಿಗೆ ಎಂಟು ಗುಳಿಗೆ ಕಟ್ಟಿಕೊಟ್ಟಿದ್ದಾಳೆ. ದೊಡ್ಡಸಿದ್ದಯ್ಯನದು ಎಲ್ಲಕ್ಕಿಂತ ಮೇಲು.

"ಎಮ್ಮೆ ಕೆಚ್ಚಲು ಬಾತಿತ್ತು ಸ್ವಾಮಿ. ಊತಕ್ಕೆ ಅಲ್ವಾ ಗುಳ್ಗೆ? ಬೆಲ್ಲದಲ್ಲಿಟ್ಟು ತಿನ್ನಿಸ್ದೆ. ವಾಸಿ ಆಯ್ತು."

ನನ್ನ ಅಧ್ಯಯನದಲ್ಲಿ ಅನುಮಾನಕ್ಕೆಡೆಯಿಲ್ಲದೆ ಗುಣವಾದದ್ದು ಆ ಎಮ್ಮೆ ಒಂದೇ.

ಇಪ್ಪತ್ತರಲ್ಲಿ ಒಂಬತ್ತು ಜನ ಹಂಚಿಕೊಂಡಿದ್ದಾರೆ. ಇದ್ದುದನ್ನು ಒಬ್ಬರೇ ತಿನ್ನುವುದು ಇಲ್ಲಿ ನಾಚಿಕೆಗೇಡು. ಹತ್ತು ವರ್ಷ ಇಲ್ಲಿ ಬೆಳೆದವನಿಗೆ ಅದು ನೆನಪಾಗಬೇಕಿತ್ತು. ಕೊಪ್ಪದ ಅಳತೆ ಅಷ್ಟೂ ಬಿದ್ದುಹೋಯಿತು. ಉಳಿದದ್ದು ನಲವತ್ತು, ಅದು ಪ್ರಬಂಧಕ್ಕೆ ಸಾಲದು.

ಸಣ್ಣತಾಯಮ್ಮ ಇವತ್ತು ಹೊತ್ತಿಗೆ ಮುಂಚೆಯೇ ಬಂದು ಕೂತಿದ್ದಳು. ಪಟ್ಟಿ ಆರು. ಅವಳಿಗೆ ನಿಜವಾದ ಮದ್ದಿನ ಬೇರೆ ಸೀಸೆ ಕೊಟ್ಟು, ನನ್ನ ಕಣ್ಣೆದುರೇ ಮೊದಲ ಗುಳಿಗೆ ನುಂಗಿಸಿದೆ.

೨೯ ಮಾರ್ಚ್

ಆದದ್ದನ್ನು ಆದ ಹಾಗೇ ನಾಲ್ಕು ಪುಟ ಬರೆದು ಕೊಟ್ಟೆ, ಎಮ್ಮೆಯನ್ನೂ ಸೇರಿಸಿ. ಪ್ರೊಫೆಸರ್ ಎಮ್ಮೆಯನ್ನು ಹೊಡೆದುಹಾಕಿದರು. ಬರುವ ವರ್ಷ ಮತ್ತೆ ಮೊದಲಿನಿಂದ ಮಾಡಬೇಕು. ಕೆಲಸ ಬೇರೆಯವರಿಗೆ ಹೋಗುತ್ತದೆ. ಅಮ್ಮ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಪುಳಿಯೋಗರೆ ಮಾಡಿದಳು.

೨೧ ಏಪ್ರಿಲ್

ಸಣ್ಣತಾಯಮ್ಮನ ಮಗ, ನಿಂಗಾಜಿಯ ಗಂಡ ಸಿದ್ದರಾಮು ನನ್ನನ್ನು ಹುಡುಕಿಕೊಂಡು ಮಂಡ್ಯದ ಆಸ್ಪತ್ರೆಗೆ ಬಂದಿದ್ದ. ಗಂಡು ಮಗು. ಬೆಲ್ಲದಚ್ಚು ಕೊಟ್ಟು ಹೋದ. ಮಗುವಿನ ಬಾಯಿ ಹೇಗಿದೆ ಎಂದು ಕೇಳಿಬಿಟ್ಟೆ. "ಅಳಕ್ಕೆ ಚಂದಾಗದೆ ಸಾರ್," ಅಂದ. ನಾನೊಬ್ಬ ಪೆದ್ದ. ಹಲ್ಲು ಬರಲು ಇನ್ನೂ ಆರು ತಿಂಗಳು.

೧೮ ಆಗಸ್ಟ್

ಮದ್ದು ತಡವಾಗಿತ್ತು. ಇಂದು ಕೊಪ್ಪಕ್ಕೆ ಹೋಗಿ ಸಣ್ಣತಾಯವ್ವನ ನಾಲ್ಕು ಮುಂಬಲ್ಲನ್ನೂ ನಾನೇ ತೆಗೆದೆ. ಇಕ್ಕಳಕ್ಕೆ ಕೆಲಸವೇ ಇರಲಿಲ್ಲ, ಮುಟ್ಟಿದರೆ ಬಂದವು. ಅಂಚು ಸವೆದು ಓರೆಯಾಗಿವೆ, ಕಬ್ಬು ಸಿಗಿದ ಓರೆ. ಬಟ್ಟಲಲ್ಲಿ ನೋಡುತ್ತ ನಿಂತೆ. ಆಕೆ ಬಾಯಿಗೆ ಹತ್ತಿ ಕಚ್ಚಿಕೊಂಡೇ ಕೈ ಚಾಚಿದಳು. ಕೊಟ್ಟೆ.

"ಮಕ್ಳಾದ್ರೆ ಸಗಣೀಲಿಟ್ಟು ಮಾಡಿನ ಮ್ಯಾಲೆ ಎಸೀಬೈದು, ಮತ್ತೆ ಉಟ್ಲಿ ಅಂತ. ನಂದ ಎಸುದ್ರೆ ಇನ್ನೇನ್ ಉಟ್ಟಾದು?"

ಮನೆ ಮುಂದೆ ನಿಂತು ಎಸೆದೇ ಎಸೆದಳು. ಬಸ್ಸು ಹೋಗಿತ್ತು. ಸಂಜೆ ಸಿದ್ದರಾಮುವಿನ ಎತ್ತಿನ ಗಾಡಿಯಲ್ಲಿ ಮದ್ದೂರಿಗೆ ಬಂದೆ.

೧೪ ಜನವರಿ ೧೯೭೫

ಮತ್ತೆ ಸಂಕ್ರಾಂತಿ. ಅಮ್ಮ ಡಬ್ಬಿ ತುಂಬ ಎಳ್ಳುಬೆಲ್ಲ ಕೊಟ್ಟು, "ಅವಳಿಗೆ ಕೊಬ್ಬರಿ ಅಗಿಯೋಕಾಗಲ್ಲ, ಪುಡಿ ಮಾಡಿಟ್ಟಿದ್ದೀನಿ" ಅಂದಳು. ಕೊಪ್ಪಕ್ಕೆ ಹೋದೆ. ನೋಡಬೇಕಾದ್ದನ್ನು ಎಷ್ಟು ದಿನ ಮುಂದೂಡುವುದು?

ಮಗುವಿಗೆ ತಾತನ ಹೆಸರು, ಅಂಕಯ್ಯ. ಕರೆಯುವುದು ಅಂಕ. ಒಂಬತ್ತು ತಿಂಗಳು. ನಿಂಗಾಜಿ ಮಡಿಲಲ್ಲಿ ಮಲಗಿಸಿ ತುಟಿ ಎತ್ತಿದಳು. ಅವಳ ಒಸಡು ಈಗ ಚೆನ್ನಾಗಿದೆ. ಮಗುವಿಗೆ ಕೆಳಗೆ ಎರಡು ಹಲ್ಲು, ಮಲ್ಲಿಗೆ ಮೊಗ್ಗಿನಷ್ಟು ಬಿಳುಪು. ಮೇಲೆ ಒಂದು ಬಂದಿದೆ. ಅದರ ನಡುವೆ ಅಡ್ಡಲಾಗಿ ಒಂದು ಎಳೆ ಹಳದಿ.

"ಅರಿಸಿನದ ದಾರ ಕಟ್ಕಂಡು ಬಂದವ್ನೆ ಕಣಪ್ಪ," ಅಂದಳು ಸಣ್ಣತಾಯವ್ವ. ಹಲ್ಲಿಲ್ಲದ ಬಾಯಲ್ಲಿ ಮಾತೆಲ್ಲ ಗಾಳಿ.

ನಾನು ಸುಮ್ಮನಿರಲಾರದೆ ಹೋದೆ. "ಇದು ಹಾಲನ್ನೂ ತಪ್ಪಿಸಿಕೊಂಡು ಮೈಗೆ ಸೇರಿದ ಮದ್ದು ಕಣವ್ವ. ಇಪ್ಪತ್ತೊಂದು ದಿನದ್ದು. ಅದರಲ್ಲಿ ಏಳು ದಿನ ನನ್ನವು. ಅವತ್ತು ಬಾಗಿಲಲ್ಲಿ ನಿಂತು ನೋಡಿದ್ದೆ. ನೋಡಿಯೂ ಬಾಯಿ ಮುಚ್ಚಿಕೊಂಡು ಹೋದೆ."

ಅವಳು ಮಗುವಿನ ತಲೆ ಸವರುತ್ತಲೇ ಇದ್ದಳು.

"ಗೊತ್ತು ಬುಡು. ನೀ ನಿಂತಿದ್ದ ನಾನೂ ಕಂಡೆ, ನೆಳ್ಳು ಬಿದ್ದಿತ್ತಲ್ಲ ಒಲೆತಾವ್ಕೆ. ಡಾಕ್ಟ್ರು ನೋಡ್ದ, ಏನೂ ಅನ್ಲಿಲ್ಲ. ಅಂಗಾರೆ ಕೊಡಬೈದು ಅಂದ್ಕಂಡು ಧೈರ್ಯವಾಗಿ ಕೊಟ್ಟೆ."

ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ನಿಂಗಾಜಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಕಣ್ಣು ತುಂಬಿತು, ಒರೆಸಿಕೊಳ್ಳಲೂ ನಾಚಿಕೆಯಾಯಿತು.

"ಆಲಲ್ಲು ತಾನೆ," ಅಂದಳು ಸಣ್ಣತಾಯವ್ವ. "ಬಿದ್ದೋಯ್ತದೆ. ಮಾಡಿನ ಮ್ಯಾಲೆ ಎಸೆದ್ರೆ ಒಳ್ಳೇದು ಬತ್ತದೆ." ಆಮೇಲೆ ಮೂಲೆಗೆ ಕೈ ತೋರಿಸಿದಳು. "ಆ ಜಲ್ಲೆ ತಕಾ ಇಲ್ಲಿ. ಅಬ್ಬದ ದಿನ ಕಬ್ಬು ತಿನ್ನದೆ ಕೂತಿವ್ನಿ."

ಮಚ್ಚು ಕೇಳಿದೆ. ಸಿದ್ದರಾಮು ಗದ್ದೆಗೆ ತೆಗೆದುಕೊಂಡು ಹೋಗಿದ್ದನಂತೆ. ಇನ್ನೇನು, ಹಲ್ಲಿಗೆ ಹಚ್ಚಿದೆ. ಡೆಂಟಿಸ್ಟ್ ಮಾಡಬಾರದ ಕೆಲಸ. ಸಿಪ್ಪೆ ಸೀಳಿ ತುಟಿ ಗೀರಿತು, ಒಸಡಿನಿಂದ ರಕ್ತ ಬಂದು ಬಿಳಿ ತಿರುಳಿನ ಮೇಲೆ ಕೆಂಪಾಯಿತು. ಅಷ್ಟನ್ನು ಕಚ್ಚಿ ಉಗಿದೆ. ಉಳಿದದ್ದನ್ನು ಸಣ್ಣ ತುಂಡು ಮಾಡಿ, ಒನಕೆಯಿಂದ ಜಜ್ಜಿ ಅವಳ ಕೈಯಲ್ಲಿಟ್ಟೆ. ನನ್ನ ಎಂಜಲು.

ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಚೀಪಿದಳು. ರಸ ಗಲ್ಲದವರೆಗೆ ಇಳಿಯಿತು. ದೂರದಲ್ಲಿ ಬಸ್ಸು ಹಾರನ್ ಹೊಡೆದು ಹೋಯಿತು. ಇನ್ನೊಂದು ತುಂಡು ಸಿಗಿಯಲು ಕೂತೆ.

"ನಿಮ್ಮವ್ವಂಗೆ ಏಳಬ್ಯಾಡ ಕಣ್ಲಾ," ಅಂದಳು.